ಹಾಜರಿ ನೋಡಿ ಕಿಟಕಿ ತೆರೆಯಿರಿ

ದಾಳಿಂಬ, ಉಮರ್ಗಾ ಕಡೆಯ ಹಳೆಯ ಮಾಳಿಗೆಮನೆಗಳು ನಿಮಗೆ ನೆನಪಿರಬಹುದು. ದಪ್ಪ ಕಲ್ಲುಗೋಡೆ, ಮೇಲೆ ಮಣ್ಣು, ಕಿಟಕಿ ಕಡಿಮೆ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಹೊಗೆ ತುಂಬಿದರೆ, ಮಂದಿ ಸೇರಿದರೆ ಅದರ ಮುಚ್ಚಳ ಸರಿಸುವುದು. ಮಳೆ ಬಂದರೆ ಮುಚ್ಚುವುದು. 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಅಂಥ ಮನೆಗಳು ಸಾವಿರಾರು ಬಿದ್ದವು. ಆಮೇಲೆ ಬಂದ ಸಿಮೆಂಟಿನ ಕಟ್ಟಡ ಗಟ್ಟಿ, ನಿಜ. ಆದರೆ ಮಂದಿ ನೋಡಿ ಗಾಳಿ ಬಿಡುವ ರೂಢಿ ಬೆಳಕಿಂಡಿಯ ಜೊತೆಗೇ ಹೋಯಿತು.

ಇದು ಕನ್ನಡ ಶಾಲೆಗೆ ಏಕೆ ಮುಖ್ಯ? ಗಡಿಭಾಗದಲ್ಲಿ ಶಿಕ್ಷಕರು ಕಡಿಮೆಯಾದಾಗ ಎರಡು ಮೂರು ವರ್ಗಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ನಿನ್ನೆ 10 ಮಕ್ಕಳಿದ್ದ ಕೋಣೆಯಲ್ಲಿ ಇಂದು 40. ಕಿಟಕಿ ಮಾತ್ರ ನಿನ್ನೆಯಷ್ಟೇ ತೆರೆದಿರುತ್ತದೆ.

ಲೆಕ್ಕ ಹಾಕೋಣ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 1,13,000 ಲೀಟರ್ ಗಾಳಿ ಹಿಡಿಯುತ್ತದೆ. ಕುಳಿತು ಓದುವ ಮಗು ತಾಸಿಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೊರಗಿನ ಗಾಳಿಯ 10 ಲಕ್ಷ ಭಾಗದಲ್ಲಿ ಅದು ಈಗ 420ರ ಆಸುಪಾಸು. ಒಳಗೆ 1,000 ಮೀರಬಾರದು ಎಂದು ಜರ್ಮನಿಯ ಪೆಟೆನ್‌ಕೋಫರ್ 1858ರಲ್ಲೇ ಹೇಳಿದ್ದ. ಎಲ್ಲ ಮುಚ್ಚಿದ ಕೋಣೆಯಲ್ಲಿ 10 ಮಕ್ಕಳಿದ್ದರೆ ಆ ಮಿತಿಗೆ ಅರ್ಧ ತಾಸಿಗಿಂತ ಹೆಚ್ಚು ಬೇಕು. 40 ಮಕ್ಕಳಿದ್ದರೆ ಎಂಟೇ ನಿಮಿಷ. ಮೂರನೆಯ ತಾಸಿಗೆ ಆಕಳಿಸುವ ಹುಡುಗನನ್ನು ಬೈಯುವ ಮೊದಲು ಕಿಟಕಿ ನೋಡಿರಿ.

ದೊಡ್ಡ ನಗರಗಳ ಸಭಾಂಗಣ, ಕಚೇರಿಗಳಲ್ಲಿ ಇದನ್ನು ಅಳೆಯುವ ಯಂತ್ರವಿರುತ್ತದೆ. ಜನ ಹೆಚ್ಚಾದರೆ ಗಾಳಿಯಂತ್ರ ತಾನೇ ಜೋರಾಗುತ್ತದೆ, ಖಾಲಿಯಾದರೆ ನಿಧಾನವಾಗುತ್ತದೆ. ನಮ್ಮಲ್ಲಿ ಆ ಕೆಲಸಕ್ಕೆ ಹಾಜರಿ ಪುಸ್ತಕವೇ ಸಾಕು. ಕರಿಹಲಗೆಯ ಮೂಲೆಯಲ್ಲಿ ಪಟ, ಹಾಜರಿ ಬರೆಯುತ್ತೀರಲ್ಲ, ಕೆಳಗೆ ‘ಕಿಟಕಿ’ ಎಂದೂ ಬರೆಯಿರಿ. ಮಕ್ಕಳು ಕಡಿಮೆಯಿದ್ದು ಚಳಿಯಿದ್ದರೆ ಎದುರುಬದುರು ಒಂದೊಂದು ಅರ್ಧ ತೆರೆದರೆ ನಡೆದೀತು. ವರ್ಗ ಕೂಡಿಸಿದ ದಿನ ಎಲ್ಲವೂ ತೆರೆಯಬೇಕು. ಮಳೆ ಹೊಡೆಯುವ ಬದಿ ಮುಚ್ಚಿ, ಇನ್ನೊಂದು ಬದಿಯ ಕಿಟಕಿ, ಬಾಗಿಲು ಬಿಡಿರಿ. ಬಿಡುವಿನಲ್ಲಿ ಮಕ್ಕಳು ಹೊರಗಿದ್ದಾಗ ಹತ್ತು ನಿಮಿಷ ಪೂರ್ತಿ ತೆರೆದಿಡಿ. ಫ್ಯಾನ್ ಇದೆಯಲ್ಲ ಎನ್ನಬೇಡಿ. ಅದು ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸದನ್ನು ತರುವುದಿಲ್ಲ.

ಪಾಲಕರಿಗೂ ಒಂದು ಕೆಲಸವಿದೆ. ಎಷ್ಟೋ ಶಾಲೆಗಳಲ್ಲಿ ಕಿಟಕಿ ತುಕ್ಕು ಹಿಡಿದು ತೆರೆಯುವುದೇ ಇಲ್ಲ, ಅಥವಾ ಹಳೆಯ ಕಪಾಟು ಅಡ್ಡ ನಿಂತಿರುತ್ತದೆ. ಚಳಿಗಾಲಕ್ಕೆ ಮೊದಲು ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಇದನ್ನು ಎತ್ತಿರಿ. ಬಿಜಾಗರಿಗೆ ಎಣ್ಣೆ, ಎರಡು ಕೊಂಡಿ, ಕಪಾಟು ಸರಿಸಲು ನಾಲ್ಕು ಜನ: ಖರ್ಚು ಇಷ್ಟೇ.