ಹಬ್ಬದ ಮಿಠಾಯಿಯೂ ಮಕ್ಕಳ ಆರೋಗ್ಯವೂ

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರತಿವರ್ಷವೂ ಅಕ್ಟೋಬರ್ 31ನೆಯ ತಾರೀಖಿನ ಸಾಯಂಕಾಲ ಹ್ಯಾಲೋವೀನ್ ಎಂಬ ಹಬ್ಬವು ನಡೆಯುತ್ತದೆ. ಕುಂಬಳಕಾಯಿಯನ್ನು ಕೊರೆದು ದೀಪವಿಟ್ಟ ಬಾಗಿಲುಗಳಿಗೆ ಬಾಲಕ ಬಾಲಿಕೆಯರು ಭೂತಪ್ರೇತಗಳ ವೇಷದಲ್ಲಿ ಹೋಗಿ, ಚೀಲ ತುಂಬ ಮಿಠಾಯಿಗಳನ್ನು ತರುತ್ತಾರೆ. ನೆರೆಹೊರೆಯವರೆಲ್ಲರೂ ಮಕ್ಕಳಿಗಾಗಿ ಬಾಗಿಲು ತೆರೆಯುವ ಈ ಸಂಪ್ರದಾಯವು ಮನೋಹರವಾದುದೇ ಸರಿ. ಆದರೆ ಹಬ್ಬವು ಒಂದೇ ಸಂಜೆಗೆ ಮುಗಿದರೂ ಚೀಲವು ಮುಗಿಯುವುದಿಲ್ಲ. ತಾಯಿತಂದೆಗಳ ಚಿಂತೆಗೆ ಕಾರಣವಿದೇ.

ಮಿಠಾಯಿಯಿಲ್ಲದೆ ಈ ಹಬ್ಬವೇ ಇಲ್ಲವೆನ್ನುವವರು ಅದರ ಚರಿತ್ರೆಯನ್ನು ಮರೆತಿದ್ದಾರೆ. ಐರ್ಲೆಂಡ್, ಸ್ಕಾಟ್ಲೆಂಡುಗಳಿಂದ ವಲಸೆ ಹೋದವರು 19ನೆಯ ಶತಮಾನದಲ್ಲಿ ಈ ಆಚರಣೆಯನ್ನು ಅಮೇರಿಕಾಕ್ಕೆ ಕೊಂಡೊಯ್ದರು. ಹಣ್ಣು, ಮನೆಯಲ್ಲಿ ಮಾಡಿದ ತಿಂಡಿ, ಪುಡಿಕಾಸು ಇವೂ ಹಿಂದೆ ಮಕ್ಕಳ ಕೈ ಸೇರುತ್ತಿದ್ದುವು. ದ್ವಿತೀಯ ಮಹಾಯುದ್ಧದ ನಿಮಿತ್ತ ಸಕ್ಕರೆಗೆ ವಿಧಿಸಿದ್ದ ರೇಷನ್ 1947ರಲ್ಲಿ ತೆರವಾಯಿತು. ಅನಂತರ ಕಾರ್ಖಾನೆಯ ಮಿಠಾಯಿ ಪೊಟ್ಟಣಗಳು ಕ್ರಮೇಣ ಆ ಸ್ಥಾನವನ್ನೆಲ್ಲ ಆಕ್ರಮಿಸಿದುವು. ವರ್ತಕನ ಲಾಭವೇ ಮನೆಯ ಸಂಪ್ರದಾಯವಾಗಿ ಪರಿಣಮಿಸಿತು.

ಎರಡರಿಂದ ಹದಿನೆಂಟು ವರ್ಷದವರೆಗಿನವರ ಆಹಾರದಲ್ಲಿ ಬೆರೆಸುವ ಸಕ್ಕರೆಯು ದಿನಕ್ಕೆ 25 ಗ್ರಾಂ, ಎಂದರೆ ಸುಮಾರು 6 ಟೀ ಚಮಚವನ್ನು ಮೀರಬಾರದೆಂದು ಅಮೇರಿಕಾದ ಹೃದಯ ಸಂಘವು 2016ರಲ್ಲಿ ಸೂಚಿಸಿತು. ಹಬ್ಬಕ್ಕೆಂದು ಹಂಚುವ ಪುಟ್ಟ ಚಾಕೊಲೇಟುಗಳಲ್ಲಿ ಅನೇಕವು ತಲಾ ಸುಮಾರು 8 ಗ್ರಾಂ ಸಕ್ಕರೆಯುಳ್ಳವು. ಮೂರು ತಿಂದರೆ ಆ ದಿನದ ಮಿತಿಯು ತೀರಿತು! ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯಿಂದ ಆಮ್ಲವನ್ನುಂಟುಮಾಡಿ ಹಲ್ಲಿನ ಹೊರಪದರವನ್ನು ಕೊರೆಯುವುವು. ಹಲ್ಲಿಗಂಟುವ ಮಿಠಾಯಿಯೂ, ಹೊತ್ತುಗೊತ್ತಿಲ್ಲದೆ ಮೆಲ್ಲುವ ಅಭ್ಯಾಸವೂ ಈ ಹಾನಿಯನ್ನು ಹೆಚ್ಚಿಸುವುವು.

ಹಾಗೆಂದು ಮಕ್ಕಳ ಕೈಯಿಂದ ಚೀಲವನ್ನು ಕಿತ್ತುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಬಲಾತ್ಕಾರದ ನಿಷೇಧವು ಚಾಪಲ್ಯವನ್ನು ಹೆಚ್ಚಿಸುವುದೇ ಹೊರತು ಅಡಗಿಸುವುದಿಲ್ಲ. ಹಸಿದವನು ಮಿತವನ್ನರಿಯನು, ಆದುದರಿಂದ ಮಕ್ಕಳು ಹೊರಡುವ ಮುನ್ನ ಕಾಳು, ತರಕಾರಿಗಳುಳ್ಳ ಊಟವನ್ನು ಹೊಟ್ಟೆತುಂಬ ಬಡಿಸತಕ್ಕದ್ದು. ತಂದುದರಲ್ಲಿ ತಮಗೆ ಮೆಚ್ಚಾದ ಕೆಲವನ್ನು ಮಕ್ಕಳೇ ಆರಿಸಿಕೊಳ್ಳಲಿ. ಊಟದೊಡನೆ ಒಂದೆರಡನ್ನು ತಿಂದು, ಮಲಗುವ ಮುನ್ನ ಹಲ್ಲುಜ್ಜಲಿ. ಉಳಿದುದು ಕಣ್ಣಿಗೆ ಬೀಳದ ಕಡೆ ಇರಲಿ. ಆಹಾರದ ಒಗ್ಗದಿಕೆಯುಳ್ಳ ಮಕ್ಕಳಿಗಾಗಿ, ಬಾಗಿಲಲ್ಲಿ ಹಸುರುನೀಲಿಯ ಕುಂಬಳಕಾಯಿಯನ್ನಿಟ್ಟು, ತಿಂಡಿಗೆ ಬದಲಾಗಿ ಆಟದ ಸಾಮಾನುಗಳನ್ನು ಕೊಡುವ ಪದ್ಧತಿಯೊಂದು 2014ರಿಂದ ಆ ದೇಶದಲ್ಲೆಲ್ಲ ಪ್ರಚಾರಕ್ಕೆ ಬಂದಿದೆ. ಇದು ಎಲ್ಲರಿಗೂ ಅನುಕರಣೀಯವಾದುದು.

ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಇಮ್ಮಡಿ ಪರೀಕ್ಷೆ. 2024ರಲ್ಲಿ ನರಕ ಚತುರ್ದಶಿಯೂ ಅಕ್ಟೋಬರ್ 31ರಂದೇ ಬಂದಿತ್ತು. ಒಂದೇ ದಿನ ಮನೆಯೊಳಗೆ ಹೋಳಿಗೆ, ಬೀದಿಯಲ್ಲಿ ಚಾಕೊಲೇಟು! ಹಿರಿಯರು ತಾವೇ ತಟ್ಟೆಯ ಮುಂದೆ ಮಿತವನ್ನು ತೋರದೆ ಮಕ್ಕಳಿಗೆ ಉಪದೇಶಿಸಿದರೆ ಫಲವೇನು? ಸಾಕೆನ್ನುವ ಶಕ್ತಿಯನ್ನು ಬಾಲ್ಯದಲ್ಲಿಯೇ ಕಲಿಸುವುದು ತಾಯಿತಂದೆಗಳ ಕರ್ತವ್ಯ. ಅದಕ್ಕೆ ಹಬ್ಬಕ್ಕಿಂತ ಉತ್ತಮವಾದ ಪಾಠಶಾಲೆ ಮತ್ತೊಂದಿಲ್ಲ.