ಹುಚ್ಚಿನ ಸೋಗು, ಜಾಣ ಕಿವುಡು

ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬೀದಿಗಳಲ್ಲಿ ಸುಮಾರು ಮೂರು ದಶಕ ಕಾಲ ಒಬ್ಬಾತ ಸ್ನಾನದ ನಿಲುವಂಗಿ ತೊಟ್ಟು, ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತ ಅಡ್ಡಾಡುತ್ತಿದ್ದ. ಹೆಸರು ವಿನ್ಸೆಂಟ್ ಜಿಗಾಂಟೆ, ಕಸುಬು ಜಿನೊವೀಸ್ ಎಂಬ ಮಾಫಿಯಾ ಕುಟುಂಬದ ಯಜಮಾನಿಕೆ. 1990ರಲ್ಲಿ ಆರೋಪಪಟ್ಟಿ ಬಿತ್ತು. ವಿಚಾರಣೆ ಎದುರಿಸುವಷ್ಟು ಅವನ ಬುದ್ಧಿ ಸ್ತಿಮಿತದಲ್ಲಿದೆಯೇ ಎಂಬ ಜಗ್ಗಾಟದಲ್ಲೇ ಏಳು ವರ್ಷ ಕಳೆಯಿತು. ಹೆಸರಾಂತ ಮನೋವೈದ್ಯರೇ ಅವನು ಅಸ್ವಸ್ಥನೆಂದು ಸಾಕ್ಷ್ಯ ಹೇಳಿದರು. ಕೊನೆಗೆ 1997ರಲ್ಲಿ ಅಪರಾಧ ಸಾಬೀತಾಯಿತು, 2003ರಲ್ಲಿ ಅವನೇ ನ್ಯಾಯಾಲಯದಲ್ಲಿ ಅದೆಲ್ಲ ನಾಟಕವೆಂದು ಒಪ್ಪಿಕೊಂಡ. ಈ ಕಥೆ ಕೇಳಿದವರು ಹುಚ್ಚನಂತೆ ನಟಿಸುವುದು ಬಲು ಸುಲಭ, ಡಾಕ್ಟರರಿಗೆ ಏನೂ ತಿಳಿಯುವುದಿಲ್ಲ ಎಂದುಬಿಡುತ್ತಾರೆ. ನಮ್ಮಲ್ಲೂ ಕೊಲೆ ಆರೋಪಿಯ ವಕೀಲರು ಬುದ್ಧಿಭ್ರಮಣೆಯ ಮಾತೆತ್ತಿದ ಸಂಜೆಯೇ ಟಿವಿ ಚರ್ಚೆಗಳಲ್ಲಿ ಇದೇ ತೀರ್ಪು ಹೊರಬೀಳುತ್ತದೆ. ಬುದ್ಧಿಭ್ರಮಣೆಗೆ ವಿನಾಯಿತಿ ಕೊಡುವ ದಂಡಸಂಹಿತೆಯ 84ನೇ ಸೆಕ್ಷನ್ನು, ಅಂದರೆ 2024ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯದು, ಕಳ್ಳರಿಗೆ ತೆರೆದಿಟ್ಟ ಹಿತ್ತಿಲ ಬಾಗಿಲು ಎಂಬಂತೆ ಮಾತು ಸಾಗುತ್ತದೆ. ಆ ಬಾಗಿಲಿಗೆ ಕಾವಲಿದೆ. ಸೋಗು ಹಿಡಿಯುವ ಪರೀಕ್ಷೆಗಳು ಸಾಕಷ್ಟು ಬೆಳೆದಿವೆ. ನನ್ನ ತಕರಾರಿರುವುದು ಆ ಪರೀಕ್ಷೆಗಳು ಹೇಳಿದ್ದಕ್ಕಿಂತ ಹೆಚ್ಚನ್ನು ನಾವು ಕೇಳಿಸಿಕೊಳ್ಳುವ ಬಗ್ಗೆ.

ಕನ್ನಡದಲ್ಲಿ ‘ಜಾಣ ಕಿವುಡು’ ಎಂಬ ಸೊಗಸಾದ ಮಾತಿದೆ. ಸಾಲ ವಾಪಸು ಕೇಳಿದರೆ ಕೇಳಿಸದು, ಎಲೆ ಹಾಕಿದೆ ಬನ್ನಿ ಎಂದರೆ ಕೇಳಿಸುತ್ತದೆ. ಈ ಕಿವುಡನ್ನು ಹಿಡಿಯುವ ಒಂದು ಉಪಾಯವನ್ನು ಫ್ರಾನ್ಸಿನ ಕಿವಿ-ಗಂಟಲು ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಪ್ರಕಟಿಸಿದರು. ಸುತ್ತ ಗದ್ದಲ ಏರಿದಂತೆ ನಮ್ಮ ದನಿಯೂ ನಮಗರಿವಿಲ್ಲದೆ ಏರುತ್ತದೆ. ಮದುವೆ ಛತ್ರದಲ್ಲಿ ಗಟ್ಟಿಮೇಳ ಮೊಳಗಿದಾಗ ಪಕ್ಕದವರೊಡನೆ ಹರಟುತ್ತಿದ್ದವರ ಗಂಟಲನ್ನು ಗಮನಿಸಿದರೆ ಸಾಕು. ಕೇಳಿಸುವುದಿಲ್ಲ ಎನ್ನುವವನ ಕೈಗೆ ಪುಸ್ತಕ ಕೊಟ್ಟು ಗಟ್ಟಿಯಾಗಿ ಓದಿಸಬೇಕು, ನಡುವೆ ಅವನ ಕಿವಿಗೆ ಗದ್ದಲ ಹಾಯಿಸಬೇಕು. ನಿಜವಾದ ಕಿವುಡನ ದನಿ ಇದ್ದಂತೆಯೇ ಇರುತ್ತದೆ, ಜಾಣ ಕಿವುಡನ ದನಿ ಮೇಲೇರುತ್ತದೆ. ಇಲ್ಲಿ ಸಿಕ್ಕಿಬಿದ್ದದ್ದು ಅವನ ಅಜ್ಞಾನ. ಕಿವುಡನೆಂದರೆ ಉತ್ತರ ಕೊಡದವನು ಎಂದಷ್ಟೇ ಅವನಿಗೆ ಗೊತ್ತಿತ್ತು. ಅದನ್ನು ಚೆನ್ನಾಗಿಯೇ ಅಭಿನಯಿಸಿದ, ಗೊತ್ತಿಲ್ಲದ್ದನ್ನು ಅಭಿನಯಿಸಲಾಗಲಿಲ್ಲ. ನ್ಯಾಯ ಮನೋವಿಜ್ಞಾನ ಆಮೇಲೆ ಕಟ್ಟಿದ ಪರೀಕ್ಷೆಗಳ ಬುಡದಲ್ಲಿರುವುದೂ ಇದೇ ಯುಕ್ತಿ: ನಟನಿಗೆ ತಿಳಿದಿರುವ ರೋಗಕ್ಕೂ ನಿಜವಾದ ರೋಗಕ್ಕೂ ನಡುವಿನ ಅಂತರವನ್ನು ಅಳೆಯುವುದು.

ಮರೆವಿನ ಸೋಗಿಗೆ 1996ರಲ್ಲಿ ಟಾಮ್ ಟೊಂಬಾ ರೂಪಿಸಿದ ಪರೀಕ್ಷೆಯನ್ನು ನೋಡಿ. ಐವತ್ತು ಚಿತ್ರಗಳನ್ನು ತೋರಿಸಿ, ಆಮೇಲೆ ಎರಡೆರಡು ಚಿತ್ರಗಳನ್ನಿಟ್ಟು ಮೊದಲು ನೋಡಿದ್ದು ಯಾವುದೆಂದು ಕೇಳುತ್ತಾರೆ. ಕಷ್ಟದ ಪರೀಕ್ಷೆಯಂತೆ ಕಾಣುತ್ತದೆ, ಆದರೆ ಮಿದುಳಿಗೆ ಪೆಟ್ಟು ಬಿದ್ದವರಲ್ಲೂ ಬಹುಪಾಲು ಜನ 45ಕ್ಕಿಂತ ಹೆಚ್ಚು ಸರಿ ಹೇಳುತ್ತಾರೆ. ಏನೂ ನೆನಪಿಲ್ಲದವನು ಕಣ್ಣುಮುಚ್ಚಿ ಬೆರಳಿಟ್ಟರೂ ಸುಮಾರು 25 ಸರಿಯಾಗುತ್ತವೆ. ಹೀಗಿರುವಾಗ ಒಬ್ಬನಿಗೆ 15 ಮಾತ್ರ ಸರಿಯಾದರೆ? ನಾಣ್ಯ ಚಿಮ್ಮಿದಂತೆ ಉತ್ತರಿಸಿ ಅಷ್ಟು ಕೆಳಗಿಳಿಯುವ ಸಂಭವ ಸಾವಿರಕ್ಕೆ ಮೂರರಷ್ಟು. ಅಷ್ಟೊಂದು ತಪ್ಪಬೇಕಾದರೆ ಸರಿಯುತ್ತರ ಗೊತ್ತಿರಲೇಬೇಕು. ಈ ಇಡೀ ಕ್ಷೇತ್ರದಲ್ಲಿ ಲೆಕ್ಕದಷ್ಟು ನಿಚ್ಚಳವಾದ ಪುರಾವೆ ಎಂದರೆ ಬಹುಶಃ ಇದೊಂದೇ.

ಚಿತ್ತವಿಕಲತೆಯ ಸೋಗಿಗೆ ಇಂಥ ಲೆಕ್ಕವಿಲ್ಲ. ರಿಚರ್ಡ್ ರೋಜರ್ಸ್ ಮತ್ತು ಸಂಗಡಿಗರು 1992ರಲ್ಲಿ ಹೊರತಂದ ಸಂದರ್ಶನದಲ್ಲಿ 172 ಪ್ರಶ್ನೆಗಳಿವೆ. ನಿಜವಾದ ರೋಗಿಗಳಲ್ಲಿ ತೀರ ಅಪರೂಪವಾದ ಲಕ್ಷಣಗಳು, ಒಟ್ಟಿಗೆ ಬಾರದ ಲಕ್ಷಣಗಳು, ಅಸಂಬದ್ಧವೆನಿಸುವ ಲಕ್ಷಣಗಳು ಅಲ್ಲಿ ಮಾಮೂಲಿ ಪ್ರಶ್ನೆಗಳ ನಡುವೆ ಹುದುಗಿವೆ. ಸೋಗಿನವನು ಸಿಕ್ಕಿದ್ದಕ್ಕೆಲ್ಲ ಹೌದು ಎನ್ನುತ್ತಾನೆ. ಅವನಿಗೆ ದನಿಗಳು ಇಡೀ ದಿನ ಬಿಡದೆ ಕೇಳಿಸುತ್ತವೆ, ಅವು ಹೇಳಿದ್ದನ್ನೆಲ್ಲ ಅವನು ಮಾಡುತ್ತಾನೆ. ನಿಜವಾಗಿ ದನಿ ಕೇಳಿಸುವವರಲ್ಲಿ ಅದು ಸಾಮಾನ್ಯವಾಗಿ ಬಂದು ಹೋಗುತ್ತಿರುತ್ತದೆ. ಅದನ್ನು ಅಡಗಿಸಲು ಅವರು ರೇಡಿಯೊ ಹಾಕುತ್ತಾರೆ, ಯಾರನ್ನಾದರೂ ಮಾತಿಗೆಳೆಯುತ್ತಾರೆ. ಹಲವರು ತಮಗೆ ಕಾಯಿಲೆಯೇ ಇಲ್ಲವೆಂದು ವಾದಿಸುತ್ತಾರೆ. ತಾನು ಹುಚ್ಚನೆಂದು ಮೇಲೆ ಬಿದ್ದು ಹೇಳಿಕೊಳ್ಳುವವನ ಬಗ್ಗೆಯೇ ವೈದ್ಯರಿಗೆ ಗುಮಾನಿ. ಸ್ಕಿಜೋಫ್ರೇನಿಯಾದ ಬತ್ತಿದ ಮುಖಭಾವ, ಸ್ನಾನಕ್ಕೂ ಏಳಲಾಗದ ನಿರುತ್ಸಾಹ, ಎಲ್ಲೋ ಹರಿದುಹೋಗುವ ಯೋಚನೆಯ ಎಳೆ ಸಿನಿಮಾದಲ್ಲಿ ಕಾಣುವುದಿಲ್ಲ, ಕಂಡರೂ ಪ್ರೇಕ್ಷಕ ಎದ್ದುಹೋದಾನು. ‘ಆಪ್ತಮಿತ್ರ’ದ ಗಂಗಾ ಕಣ್ಣರಳಿಸಿ ನಾಗವಲ್ಲಿಯಾಗುವುದು ನೆನಪಿನಲ್ಲಿ ಉಳಿಯುತ್ತದೆ. ಸೋಗಿನವನು ನಕಲು ಮಾಡುವುದೂ ಅದನ್ನೇ.

ಲಾಸ್ ಏಂಜಲಿಸ್ ಸುತ್ತ ಸರಣಿ ಕೊಲೆ ಮಾಡಿದ ಕೆನೆತ್ ಬಿಯಾಂಕಿ ಹಿಡಿದದ್ದು ಈ ದಾರಿಯನ್ನೇ. 1979ರಲ್ಲಿ ಸಂಮೋಹನಕ್ಕೆ ಒಳಪಡಿಸಿದಾಗ ಅವನೊಳಗಿಂದ ‘ಸ್ಟೀವ್’ ಎಂಬ ಇನ್ನೊಬ್ಬ ಹೊರಬಂದು ಕೊಲೆಗಳನ್ನು ಒಪ್ಪಿಕೊಂಡ. ಬಹುವ್ಯಕ್ತಿತ್ವವೆಂದು ಕೆಲವು ತಜ್ಞರು ನಂಬಿಯೂಬಿಟ್ಟರು. ಮನೋವೈದ್ಯ ಮಾರ್ಟಿನ್ ಆರ್ನ್ ನಂಬಲಿಲ್ಲ. ಇಂಥ ನಿಜವಾದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಇಬ್ಬರಿಗಿಂತ ಹೆಚ್ಚು ಜನ ಇರುತ್ತಾರೆ ಎಂದು ಬಿಯಾಂಕಿಯ ಕಿವಿಗೆ ಬೀಳುವಂತೆ ಹೇಳಿಟ್ಟರು. ಸ್ವಲ್ಪ ಹೊತ್ತಿಗೆ ‘ಬಿಲ್ಲಿ’ ಹಾಜರಾದ. ಖಾಲಿ ಕುರ್ಚಿಯಲ್ಲಿ ನಿನ್ನ ವಕೀಲರು ಕೂತಿದ್ದಾರೆಂದು ಸೂಚಿಸಿದರೆ ಬಿಯಾಂಕಿ ಎದ್ದು ಇಲ್ಲದ ವಕೀಲರ ಕೈಕುಲುಕಿದ. ನಿಜವಾದ ಸಂಮೋಹನದಲ್ಲಿರುವವರು ಅಷ್ಟು ದೂರ ಹೋಗುವುದಿಲ್ಲ ಎಂಬುದು ಆರ್ನ್ ಅವರ ಅನುಭವ. ಅವನ ಮನೆಯಲ್ಲಿ ಮನಶ್ಶಾಸ್ತ್ರದ ಪುಸ್ತಕಗಳೂ ಸಿಕ್ಕಿದವು. ಕೊನೆಗೆ ಬಿಯಾಂಕಿ ತಪ್ಪೊಪ್ಪಿಕೊಂಡ.

ಬಿಯಾಂಕಿಯೇನೋ ಪುಸ್ತಕ ಓದಿಯೂ ಸಿಕ್ಕಿಬಿದ್ದ, ಇಂದು ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ಈ ಪರೀಕ್ಷೆಗಳು ಎಷ್ಟು ದಿನ ಬಾಳಿಯಾವು ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಆಕ್ಷೇಪವೇ. ಆದರೆ ರೋಗದ ಲಕ್ಷಣಗಳನ್ನು ಬಾಯಿಪಾಠ ಮಾಡಿದವರಿಗೆ ಹೆಚ್ಚು ಲಾಭವಾಗುವುದಿಲ್ಲ, ಪರೀಕ್ಷೆಯ ಬಲೆ ಎಲ್ಲಿದೆಯೆಂದು ತಿಳಿದವರೇ ಹೆಚ್ಚಾಗಿ ನುಣುಚಿಕೊಳ್ಳುತ್ತಾರೆ ಎಂದು ಪ್ರಯೋಗಗಳು ತೋರಿಸಿವೆ. ಪ್ರಶ್ನೆಪತ್ರಿಕೆಗಳನ್ನು ಗುಟ್ಟಾಗಿ ಇಡುವುದು ಅದಕ್ಕೇ. ನನಗೆ ಹೆಚ್ಚು ಚಿಂತೆಯಿರುವುದು ತಪ್ಪು ಆಪಾದನೆಯ ಬಗ್ಗೆ. ನೂರು ನಟರಲ್ಲಿ 80 ಮಂದಿಯನ್ನು ಹಿಡಿಯುವ, ನೂರು ಪ್ರಾಮಾಣಿಕರಲ್ಲಿ 5 ಮಂದಿಯ ಮೇಲೆ ಸುಮ್ಮನೆ ಬೆರಳು ತೋರುವ ಪರೀಕ್ಷೆಯೊಂದನ್ನು ಊಹಿಸಿಕೊಳ್ಳಿ. ನೂರು ಆರೋಪಿಗಳಲ್ಲಿ 20 ಜನ ನಟರಾದರೆ 16 ಮಂದಿ ಸಿಕ್ಕಿಬೀಳುತ್ತಾರೆ, ಜೊತೆಗೆ 4 ಪ್ರಾಮಾಣಿಕ ರೋಗಿಗಳೂ ಬಲೆಗೆ ಬೀಳುತ್ತಾರೆ. ನಟರು ಐವರೇ ಆದರೆ ಸಿಗುವ ನಿಜವಾದ ನಟರು 4, ತಪ್ಪಾಗಿ ಸಿಗುವವರು ಹತ್ತಿರಹತ್ತಿರ 5. ಅದೇ ಪರೀಕ್ಷೆ, ಅದೇ ಅಂಕ. ತೀರ್ಪು ಮಾತ್ರ ತಲೆಕೆಳಗು.

ಇನ್ನೊಂದು ತೊಡಕು ನಮ್ಮದೇ. ‘ಅಪರೂಪದ ಲಕ್ಷಣ’ ಎಂದಾಗ ಯಾವ ಊರಿನಲ್ಲಿ ಅಪರೂಪ? ಇಂಥ ಪ್ರಶ್ನಾವಳಿಗಳ ಮಾನದಂಡಗಳು ಹುಟ್ಟಿದ್ದು ಬಹುಪಾಲು ಅಮೆರಿಕದ ರೋಗಿಗಳು, ಕೈದಿಗಳು, ವಿದ್ಯಾರ್ಥಿಗಳಿಂದ. ತುಳುನಾಡಿನಲ್ಲೋ ಬಯಲುಸೀಮೆಯ ಜಾತ್ರೆಯಲ್ಲೋ ಮೈಮೇಲೆ ದೇವರು ಬರುವುದನ್ನು ಯಾರೂ ರೋಗವೆನ್ನುವುದಿಲ್ಲ, ನಾಟಕವೆನ್ನುವುದೂ ಇಲ್ಲ. ತನ್ನ ನಾಲಿಗೆಯಲ್ಲಿ ಬೇರೆ ಯಾರೋ ಮಾತಾಡಿದರು ಎಂದು ಕಾಯಿಲೆಬಿದ್ದ ಹಳ್ಳಿಯವನು ಹೇಳಿದರೆ ಅನುವಾದಿತ ಪ್ರಶ್ನಾವಳಿ ಅದನ್ನು ಅತಿಶಯೋಕ್ತಿಯ ಖಾತೆಗೆ ಬರೆದುಕೊಳ್ಳಬಹುದು. ಭಾಷೆಯನ್ನು ಕನ್ನಡಕ್ಕೆ ತಂದರೆ ಸಾಲದು, ಇಲ್ಲಿಯ ರೋಗಿಗಳ ಲೆಕ್ಕವೂ ಬೇಕು. ಅದಿಲ್ಲದಾಗ ವಾರಗಟ್ಟಲೆ ವಾರ್ಡಿನಲ್ಲಿಟ್ಟು ನಿದ್ದೆ, ಊಟ, ಒಂಟಿಯಾಗಿರುವಾಗಿನ ನಡವಳಿಕೆಯನ್ನು ನೋಡುವ, ಮನೆಯವರನ್ನು ವಿಚಾರಿಸುವ ಹಳೆಯ ಕ್ರಮವೇ ಮೇಲು.

ಎಲ್ಲಕ್ಕಿಂತ ದೊಡ್ಡ ಎಡವಟ್ಟು, ನಟಿಸಿದ್ದು ಗೊತ್ತಾದ ಕೂಡಲೇ ಆತ ಆರೋಗ್ಯವಂತನೆಂದು ಬರೆದುಬಿಡುವುದು. ಲೊಂಬಾರ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನಿಗೂ ಕಿವಿ ಸ್ವಲ್ಪ ಮಂದವಿರಬಹುದು. ಪರಿಹಾರದ ಆಸೆಗೆ ಹೆಚ್ಚು ಮಾಡಿ ಹೇಳಿರಬಹುದು. ಹಿಟ್ಲರನ ಒಂದು ಕಾಲದ ಉಪನಾಯಕ ರುಡಾಲ್ಫ್ ಹೆಸ್ 1945ರಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯದ ಮುಂದೆ ತನಗೆ ಹಿಂದಿನದೇನೂ ನೆನಪಿಲ್ಲ ಎಂದಿದ್ದ. ಹಲವು ದೇಶಗಳ ವೈದ್ಯರು ಪರೀಕ್ಷಿಸಿದರು, ಹಿಸ್ಟೀರಿಯಾದಿಂದ ಬಂದ ಮರೆವು ಎಂದವರೂ ಅವರಲ್ಲಿದ್ದರು. ನವೆಂಬರ್ 30ರಂದು ಹೆಸ್ ಎದ್ದುನಿಂತು, ಮರೆವೆಲ್ಲ ತಂತ್ರಕ್ಕಾಗಿ ಹೂಡಿದ ನಟನೆ ಎಂದು ಘೋಷಿಸಿದ. ಅವನು ವಿಚಾರಣೆಗೆ ಅರ್ಹನೆಂದು ಮರುದಿನ ನ್ಯಾಯಾಲಯ ಹೇಳಿತು. ಕೆಲವೇ ತಿಂಗಳಲ್ಲಿ ಮರೆವು ಮತ್ತೆ ಕಾಣಿಸಿಕೊಂಡಿತು. ನಟನೆಯೆಂದು ಹೇಳಿದ್ದೇ ನಟನೆಯಿರಬಹುದೇ ಎಂಬ ಚರ್ಚೆ, 1987ರಲ್ಲಿ ಅವನು ಸ್ಪಾಂಡೌ ಜೈಲಿನಲ್ಲಿ ಸತ್ತ ಮೇಲೂ ಮುಂದುವರಿಯಿತು.