ಶೆಲ್ಯಾಕ್: ಹಸಿರು ಚುಕ್ಕೆ ಹೇಳದ ಒಂದು ಪದ

ಮಿಠಾಯಿ, ಚಾಕೊಲೇಟ್ ಪೊಟ್ಟಣಗಳ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಕೆಲವೊಮ್ಮೆ ‘ಶೆಲ್ಯಾಕ್’ ಎಂಬ ಇಂಗ್ಲಿಷ್ ಪದ ಇರುತ್ತದೆ. ಪದ ಹೊಸದೆನಿಸಬಹುದು, ವಸ್ತು ಹೊಸದಲ್ಲ. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ, ಹೊಳಪು ಕೊಡುವ ಅರಗೇ ಅದು.

ಪದದ ಮೂಲ

ಸಂಸ್ಕೃತದ ‘ಲಾಕ್ಷಾ’ ಪ್ರಾಕೃತದಲ್ಲಿ ‘ಲಕ್ಖಾ’, ಹಿಂದಿಯಲ್ಲಿ ‘ಲಾಖ್’ ಆಗಿ ಇಂಗ್ಲಿಷಿಗೆ ‘ಲ್ಯಾಕ್’ ಎಂದು ಹೋಯಿತು. ‘ಶೆಲ್’ ಎಂದರೆ ಇಲ್ಲಿ ಚಿಪ್ಪಿನಂಥ ತೆಳು ಹಾಳೆ. ಅರಗನ್ನು ಕರಗಿಸಿ, ಸೋಸಿ, ತೆಳ್ಳಗೆ ಎಳೆದು ಒಣಗಿಸಿದ ಚಕ್ಕೆಗಳೇ ಶೆಲ್ಯಾಕ್.

ಅರಗು ಬರುವುದೆಲ್ಲಿಂದ?

ಮುತ್ತುಗ, ಬೋರೆ ಮುಂತಾದ ಮರಗಳ ಎಳೆ ಕೊಂಬೆಗಳಲ್ಲಿ ರಸ ಹೀರಿ ಬದುಕುವ ಪುಟ್ಟ ಕೀಟಗಳು ತಮ್ಮ ಮೈಸುತ್ತ ಸ್ರವಿಸುವ ಅಂಟೇ ಅರಗು. ಕೊಂಬೆ ಕತ್ತರಿಸಿ, ಅಂಟನ್ನು ಕೆರೆದು, ಪುಡಿಮಾಡಿ ತೊಳೆಯುತ್ತಾರೆ. ಅದರೊಳಗಿದ್ದ ಕೀಟಗಳು ಈ ಕೆಲಸದಲ್ಲಿ ಸಾಯುತ್ತವೆ. ಚನ್ನಪಟ್ಟಣದ ಕುಶಲಕರ್ಮಿಗಳು ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರದ ತುಂಡಿಗೆ ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ.

‘ಲ್ಯಾಕರ್’ ಎಂಬ ಪದವೂ ‘ಲ್ಯಾಕ್’ನಿಂದಲೇ ಬಂದದ್ದು. ಆದರೆ ಈಗ ಮರದ ರಸದ ಮೆರುಗಿಗೂ ಕಾರ್ಖಾನೆಯ ರಾಸಾಯನಿಕ ಮೆರುಗಿಗೂ ಅದೇ ಹೆಸರು. ಆದ್ದರಿಂದ ‘ಲ್ಯಾಕರ್’ ಎಂದ ಮಾತ್ರಕ್ಕೆ ಅರಗು ಎಂದಲ್ಲ.

ಶ್ರಾವಕರಿಗೆ ಏಕೆ ಮುಖ್ಯ?

ಉಪಾಸಕದಶಾಂಗ ಸೂತ್ರದಲ್ಲಿಯೂ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಶ್ರಾವಕರು ಬಿಡಬೇಕಾದ 15 ಕರ್ಮಾದಾನಗಳ ಪಟ್ಟಿಯಿದೆ. ಅವುಗಳಲ್ಲಿ ‘ಲಾಕ್ಷಾ ವಾಣಿಜ್ಯ’, ಅಂದರೆ ಅರಗಿನ ವ್ಯಾಪಾರವೂ ಒಂದು. ತ್ರಸ ಜೀವಿಗಳ ಹಿಂಸೆಯೇ ಇದಕ್ಕೆ ಕಾರಣ. ಪಟ್ಟಿ ಹೇಳುವುದು ವ್ಯಾಪಾರದ ವಿಷಯ. ಆಹಾರದಲ್ಲಿ ಅರಗು ಸೇರಿದಾಗ ಅದೇ ಹಿಂಸೆಯ ಪ್ರಶ್ನೆ ತಟ್ಟೆಯವರೆಗೂ ಬರುತ್ತದೆ.

ಇಲ್ಲಿ ಹಸಿರು ಚುಕ್ಕೆಯನ್ನಷ್ಟೇ ನಂಬಿದರೆ ಸಾಲದು. 2020ರ ಆಹಾರ ಲೇಬಲ್ ನಿಯಮಾವಳಿಯು ಮಾಂಸಾಹಾರದ ವ್ಯಾಖ್ಯೆಯಿಂದ ಹಾಲು, ಜೇನು, ಜೇನುಮೇಣಗಳ ಜೊತೆಗೆ ಶೆಲ್ಯಾಕನ್ನೂ ಹೊರಗಿಟ್ಟಿದೆ. ಹಾಗಾಗಿ ಶೆಲ್ಯಾಕ್ ಇರುವ ತಿನಿಸಿಗೂ ಹಸಿರು ಚುಕ್ಕೆ ಸಿಗಬಹುದು. ಜೇನನ್ನು ವರ್ಜಿಸುವ ಮನೆಗಳಿಗೆ ಈ ಮಾತು ಹೊಸದೇನಲ್ಲ.

ಗುರುತಿಸುವುದು ಹೇಗೆ?

ಪದಾರ್ಥಗಳ ಪಟ್ಟಿಯಲ್ಲಿ ‘ಶೆಲ್ಯಾಕ್’, ‘ಐಎನ್‌ಎಸ್ 904’ ಅಥವಾ ‘ಇ 904’ ಎಂದಿರುತ್ತದೆ. ‘ಗ್ಲೇಜಿಂಗ್ ಏಜೆಂಟ್’ ಎಂಬ ಮಾತಿನ ಪಕ್ಕದ ಸಂಖ್ಯೆ ನೋಡಬೇಕು. 903 ಆದರೆ ಅದು ತಾಳೆ ಜಾತಿಯ ಮರದ ಎಲೆಯ ಮೇಣ, ಸಸ್ಯಜನ್ಯ. ಕೆಲವು ಮಾತ್ರೆಗಳ ಲೇಪದಲ್ಲಿಯೂ ಶೆಲ್ಯಾಕ್ ಇರುತ್ತದೆ. ಆದರೆ ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬಾರದು. ಬದಲಿ ಇದೆಯೇ ಎಂದು ಅವರನ್ನೇ ವಿಚಾರಿಸಬೇಕು.

ಬೊಂಬೆ ಕೊಳ್ಳುವಾಗಲೂ ಮೆರುಗು ಅರಗಿನದೇ ಎಂದು ಕೇಳಬಹುದು. ವ್ರತ, ನಿಯಮಗಳ ಮಿತಿ ಮನೆಯಿಂದ ಮನೆಗೆ ಬೇರೆ. ಆ ಮಿತಿಯನ್ನು ಗುರುಗಳ ಮಾರ್ಗದರ್ಶನದಲ್ಲಿ ನಿರ್ಧರಿಸಲು ಮೊದಲು ಪದದ ಅರ್ಥ ತಿಳಿದಿರಬೇಕು.